ನೊರೀನ್ ಕೋಚ್ ಬಗ್ಗೆ ಊರೂರಲ್ಲಿ ವಿಚಾರಿಸಿದ್ದು

ಹ್ಯೂಸ್ಟನ್ನಿನಲ್ಲಿ ಇಪ್ಪತ್ತಮೂರು ವರ್ಷ ಬೇರು ಬಿಟ್ಟು ನಿಂತವಳು, ಆಮೇಲೆ ಎರಡೇ ವರ್ಷ ಆಸ್ಟಿನ್, ಅದೂ ಸಾಲದೆಂಬಂತೆ ಡಾಲಸ್. ಐವತ್ತು ಹತ್ತಿರ ಬಂದ ಹೆಂಗಸು ಹೀಗೆ ಊರೂರು ತಿರುಗಿದ್ದಾಳೆಂದರೆ ಅದರ ಹಿಂದೆ ಏನೋ ಇರಲೇಬೇಕು ಎಂದು ಉಷಾರಾಣಿ ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ?

ಆ ಹೆಂಗಸಿನ ಹೆಸರು ನೊರೀನ್ ಟ್ಯಾಕೆಟ್. ಡಾಲಸ್ ಪಕ್ಕದ ಕ್ಯಾರಲ್ಟನ್ನಿನ ಸಣ್ಣದೊಂದು ಕ್ಲಬ್ಬಿನಲ್ಲಿ ಹದಿಮೂರರ ಹುಡುಗಿಯರಿಗೆ ಸಾಕರ್, ಅಂದರೆ ನಮ್ಮ ಫುಟ್‌ಬಾಲ್, ಕಲಿಸುವ ಕೋಚ್. ಒಳ್ಳೆ ಎತ್ತರದ ಆಳು, ಬಿಸಿಲಿಗೆ ಸುಟ್ಟು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಕತ್ತು, ಗಿಡ್ಡ ಕತ್ತರಿಸಿದ ನರೆಗೂದಲು. ಮೋಡ ಕವಿದ ದಿನವೂ ಕಪ್ಪು ಕನ್ನಡಕ ತೆಗೆಯುವವಳಲ್ಲ. ಯಾರಾದರೂ ತಾಯಿ ಬಂದು ಎರಡು ಮಾತಾಡಿದರೆ ಸಾಕು, ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಅವರ ಎದುರಿಗೇ ಬರೆದುಕೊಳ್ಳುತ್ತಿದ್ದಳು. ಯಾವ ದಿನ, ಎಷ್ಟು ಗಂಟೆ, ಯಾರು ಏನಂದರು, ಎಲ್ಲ. ಕನ್ನಡಕ ನೋಡಿದವರು ಕುಡಿತ ಇರಬೇಕು ಎಂದರು. ನೋಟ್‌ಬುಕ್ ನೋಡಿದವರು ಎಲ್ಲೋ ಕೋರ್ಟು ಮೆಟ್ಟಿಲು ಹತ್ತಿ ಬಂದಿರಬೇಕು ಎಂದರು.

ಉಷಾರಾಣಿ ಆ ತಂಡದ ಮ್ಯಾನೇಜರ್. ಇಲ್ಲಿ ಪ್ರತಿ ತಂಡಕ್ಕೂ ಮಕ್ಕಳ ತಾಯ್ತಂದೆಯರಲ್ಲೇ ಒಬ್ಬರು ಆ ಕೆಲಸ ಹೊರುತ್ತಾರೆ. ಪಂದ್ಯಗಳ ವೇಳಾಪಟ್ಟಿ, ಮಕ್ಕಳ ಗುರುತಿನ ಕಾರ್ಡು, ವರ್ಷಕ್ಕೊಮ್ಮೆ ಕೊಡುವ ಫಿಟ್‌ನೆಸ್ ಸರ್ಟಿಫಿಕೇಟು, ಎಲ್ಲ ಅವರದೇ ಜವಾಬ್ದಾರಿ. ಹೊಟ್ಟೆಪಾಡಿಗೆ ಅವಳು ಲಾಸ್ ಕೊಲಿನಾಸ್‌ನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಳು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಹನ್ನೊಂದು ವರ್ಷದ ಕಸುಬು. ಕೈಗೆ ಹತ್ತಿದ ಕಸುಬು ಮನೆಗೂ ಬರುತ್ತದಲ್ಲ, ಬಂದಿತ್ತು.

ಎರಡು ವರ್ಷ ಕೋಚ್ ಮೇಲೆ ದೂರೇನೂ ಇರಲಿಲ್ಲ. ದೂರು ಹುಟ್ಟಿದ್ದು ೨೦೧೬ರ ಸೆಪ್ಟೆಂಬರ್ ಕೊನೆಗೆ. ಉಷಾರಾಣಿಯ ಮಗಳು ಶ್ರಾವಣಿ ತಂಡದ ಮುಂಚೂಣಿಯ ಆಟಗಾರ್ತಿ. ಹಾರಿಬಂದ ಚೆಂಡಿಗೆ ಹಣೆ ಕೊಟ್ಟು ಗೋಲಿಗೆ ತಳ್ಳುವುದರಲ್ಲಿ ಅವಳನ್ನು ಮೀರಿಸುವ ಹುಡುಗಿ ಸುತ್ತಮುತ್ತ ಇರಲಿಲ್ಲ. ಅಂಥವಳನ್ನು ನೊರೀನ್ ಇದ್ದಕ್ಕಿದ್ದಂತೆ ಬೆಂಚಿನ ಮೇಲೆ ಕೂರಿಸಿದಳು. ಒಂದು ವಾರ, ಎರಡು ವಾರ, ಮೂರು ವಾರ. ಸ್ಟೇಟ್ ಕಪ್ಪಿಗೆ ಆಯ್ಕೆಯ ಪಂದ್ಯಗಳು ನಡೆಯುತ್ತಿವೆ, ತಂಡ ಎರಡು ಸೋತಿದೆ, ಮಗಳು ಬೆಂಚಿನ ಮೇಲೆ.

ಉಷಾರಾಣಿ ಹೋಗಿ ಕೇಳಿದಳು. ನೊರೀನ್ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ಡಾಕ್ಟರ ಕಾಗದ ತಂದುಕೊಡಿ, ಅವತ್ತೇ ಆಡಿಸುತ್ತೇನೆ. ಉಷಾರಾಣಿಗೆ ಮೈಯೆಲ್ಲ ಉರಿದುಹೋಯಿತು. ಹದಿನಾರು ಮಕ್ಕಳ ಫಿಟ್‌ನೆಸ್ ಸರ್ಟಿಫಿಕೇಟನ್ನೂ ಆಗಸ್ಟಿನಲ್ಲೇ ಕೂಡಿಸಿ, ಹೆಸರಿನ ಪ್ರಕಾರ ಜೋಡಿಸಿ ಕೊಟ್ಟವಳು ತಾನು. ಕಾಗದ ನಿಮ್ಮ ಹತ್ತಿರವೇ ಇದೆಯಲ್ಲ ಎಂದಳು. ಇದೆ, ಆ ಕಾಗದ ನೋಡಿದ್ದೇನೆ, ಎಂದು ನೊರೀನ್ ಕಪ್ಪು ಕನ್ನಡಕದ ಹಿಂದಿನಿಂದ ಅವಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡಳು.

ಮನೆಯಲ್ಲಿ ಮಗಳೋ ಬಾಯಿ ಬಿಡುವುದಿಲ್ಲ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ "ಐಯಾಮ್ ಫೈನ್" ಎಂದು ಮೆಟ್ಟಿಲು ಹತ್ತಿಬಿಡುತ್ತಾಳೆ. ಸ್ಕೂಲಿನಿಂದ ಬಂದವಳು ಪರದೆ ಎಳೆದು, ದೀಪ ಆರಿಸಿ ಮಲಗಿಬಿಡುತ್ತಾಳೆ. ಬೆಂಚಿನ ಮೇಲೆ ಕೂರಿಸಿ ಕೂರಿಸಿ ಮಗುವಿನ ಮನಸ್ಸೇ ಮುರಿದುಹೋಯಿತು ಎಂದು ತಾಯಿ ತೀರ್ಮಾನಿಸಿದಳು.

ಆಗ ಉಷಾರಾಣಿ ತನಗೆ ಗೊತ್ತಿದ್ದ ದಾರಿ ಹಿಡಿದಳು. ನಮ್ಮಲ್ಲಿ ಗಂಡಿನ ಕಡೆಯವರನ್ನು ವಿಚಾರಿಸುವ ಒಂದು ಪದ್ಧತಿ ಉಂಟು. ಹುಡುಗ ಯಾವ ಊರಲ್ಲಿದ್ದನೋ ಆ ಊರಿನ ನಮ್ಮವರಿಗೆ ಫೋನ್ ಮಾಡುವುದು. ಮೊದಲು ಮಳೆ, ಬಿಸಿಲು, ಮೊಮ್ಮಕ್ಕಳು. ಕೊನೆಗೆ ಹಾಗೇ ನೆನಪಾದಂತೆ ಹುಡುಗನ ಮಾತು. ಅತ್ತಲಿನವರು ಒಳ್ಳೆಯವನು ಎಂದರೆ ಒಳ್ಳೆಯವನು. ಕೆಟ್ಟವನು ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಾರ ಮನೆಯ ದೀಪವನ್ನೂ ತಮ್ಮ ಬಾಯಿಂದ ಆರಿಸಬಾರದೆಂದು, "ನಮಗೆ ಅಷ್ಟಾಗಿ ಗೊತ್ತಿಲ್ಲ, ನೀವೇ ಯೋಚನೆ ಮಾಡಿ" ಎನ್ನುತ್ತಾರೆ. ಅಷ್ಟಕ್ಕೇ ಜಾತಕ ವಾಪಸು. ಉಷಾರಾಣಿಯ ಇಬ್ಬರು ನಾದಿನಿಯರ ಮದುವೆ ಈ ಪದ್ಧತಿಯಿಂದಲೇ ಸರಿಯಾಗಿ ನಡೆದಿತ್ತು. ಗಂಡಿಗೆ ನಡೆದದ್ದು ಕೋಚಿಗೆ ಯಾಕೆ ನಡೆಯಬಾರದು?

ಹ್ಯೂಸ್ಟನ್ ಕಡೆ ಶುಗರ್ ಲ್ಯಾಂಡಿನಲ್ಲಿ ಡಾಕ್ಟರ್ ಲೀಲಾವತಿ ಆಂಟಿ ಇದ್ದರು. ಮೈಸೂರಿನವರು, ನಿವೃತ್ತರಾಗಿ ಆರು ವರ್ಷ. ಅವರ ಮೊಮ್ಮಗಳು ತನ್ವಿ ಹಿಂದೆ ನೊರೀನ್ ಕೈಕೆಳಗೆ ಆಡಿದ್ದಳು. ಉಷಾರಾಣಿ ನೊರೀನ್ ಹೆಸರೆತ್ತುತ್ತಿದ್ದ ಹಾಗೇ ಅತ್ತ ಕಡೆಯಿಂದ ಉತ್ತರ ಬಂತು:

"ನೋಡಮ್ಮ, ನಮಗೆ ಅವರ ವಿಷಯ ಅಷ್ಟಾಗಿ ಗೊತ್ತಿಲ್ಲ. ನೀವೇ ಯೋಚನೆ ಮಾಡಿ."

ಆಸ್ಟಿನ್ನಿನಲ್ಲಿ ಗೋಪಾಲಕೃಷ್ಣ ಎಂಬ ಎಂಜಿನಿಯರು. ಅವರ ಮಗಳೂ ಎರಡು ವರ್ಷ ನೊರೀನ್ ಶಿಷ್ಯೆ. "ಅವರಾ, ಗೊತ್ತು, ಗೊತ್ತು. ಆದ್ರೆ ಈಗ ಸ್ವಲ್ಪ ಓಡಾಟದಲ್ಲಿದ್ದೀನಿ. ಮನೇಲೂ ಒಂದು ಮಾತು ಕೇಳಿ ಫೋನ್ ಮಾಡ್ತೀನಿ" ಎಂದವರು ಮತ್ತೆ ಫೋನ್ ಮಾಡಲೇ ಇಲ್ಲ. ಮೆಸೇಜಿಗೂ ಉತ್ತರವಿಲ್ಲ.

ಎರಡು ಊರು, ಎರಡೂ ಕಡೆ ಮೌನ. ಉಷಾರಾಣಿ ಅವತ್ತೇ ಕ್ಲಬ್ಬಿನ ಡೈರೆಕ್ಟರಿಗೆ ಪತ್ರ ಬರೆದಳು: ಈ ಕೋಚ್ ಹಿಂದೆ ಕೆಲಸ ಮಾಡಿದ ಎರಡು ನಗರಗಳ ಪೋಷಕರನ್ನು ವಿಚಾರಿಸಿದ್ದೇನೆ, ಇಬ್ಬರೂ ಇವರ ಬಗ್ಗೆ ಮಾತಾಡಲು ಸಿದ್ಧರಿಲ್ಲ. ಅವಳ ಮಟ್ಟಿಗೆ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಅಮೆರಿಕದವನ ಕಣ್ಣಿಗೆ ಅದು ಹೇಗೆ ಕಂಡೀತು? ಮಕ್ಕಳ ಜೊತೆ ಕೆಲಸ ಮಾಡುವವಳ ಬಗ್ಗೆ ಎರಡು ಊರಿನ ತಾಯ್ತಂದೆಯರು ಬಾಯಿಬಿಡಲು ಹೆದರುತ್ತಿದ್ದಾರೆ ಎಂದೇ ಆತ ಓದಿಕೊಂಡ. ವಿಚಾರಣೆ ಮುಗಿಯುವವರೆಗೆ ಮೈದಾನಕ್ಕೆ ಕಾಲಿಡಬೇಡ ಎಂದು ಮರುದಿನವೇ ನೊರೀನ್‌ಗೆ ಹೇಳಿಬಿಟ್ಟ. ಎರಡು ವಾರದೊಳಗೆ ಸಭೆ ಕರೆದು ತೀರ್ಮಾನ ಮಾಡುತ್ತೇವೆ, ಇಲ್ಲಿಂದ ತೆಗೆದರೆ ಟೆಕ್ಸಸ್‌ನಲ್ಲಿ ಇನ್ನು ಯಾವ ಕ್ಲಬ್ಬೂ ಅವಳನ್ನು ಮುಟ್ಟುವುದಿಲ್ಲ ಎಂದು ಉಷಾರಾಣಿಗೂ ಫೋನಿನಲ್ಲಿ ತಿಳಿಸಿದ. ಅವಳು ಫೋನಿಟ್ಟು ಗೆದ್ದ ಮುಖದಲ್ಲಿ ಅಡುಗೆಮನೆಗೆ ಬಂದಳು.

ಅಲ್ಲಿ ಅತ್ತೆ ಸರೋಜಾ ಚಪಾತಿ ಲಟ್ಟಿಸುತ್ತಿದ್ದರು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದವರು. ಸೊಸೆ ಹೇಳಿದ್ದನ್ನೆಲ್ಲ ಕೇಳಿ ಲಟ್ಟಣಿಗೆ ಪಕ್ಕಕ್ಕಿಟ್ಟರು.

"ಅಲ್ಲ ಕಣೇ, ಇಬ್ಬರು ಬಾಯಿ ಬಿಡಲಿಲ್ಲ ಅಂತ ಒಬ್ಬಳ ಅನ್ನ ಕಿತ್ಕೊಂಡ್ಯಾ?"

"ಅತ್ತೆ, ಲೀಲಾವತಿ ಆಂಟಿ 'ಗೊತ್ತಿಲ್ಲ' ಅಂದ್ರು. ಅಂದ್ರೆ ಏನರ್ಥ, ನಿಮಗೆ ಗೊತ್ತಿಲ್ವಾ?"

"ಗೊತ್ತು. ನಿನಗೆ ಅರ್ಧ ಗೊತ್ತು. ಫೋನಲ್ಲಿ ಗೊತ್ತಿಲ್ಲ ಅಂದ್ರೆ ಮನೆಗೆ ಹೋಗಬೇಕು. ನಡುಮನೇಲಿ ಗೊತ್ತಿಲ್ಲ ಅಂದ್ರೆ ಅಡುಗೆಮನೆಗೆ ಹೋಗಬೇಕು. ನಿನ್ನನ್ನ ತರೋವಾಗ ನಾನು ನಿಮ್ಮ ಬೀದೀಲಿ ಮೂರು ಮನೆ ಅಡುಗೆಮನೆ ನೋಡಿದ್ದೆ."

ಉಷಾರಾಣಿಗೆ ಇದು ಹೊಸ ಸುದ್ದಿ. ಏನು ಸಿಕ್ಕಿತ್ತು ಎಂದು ಕೇಳಿದಳು. ಹುಡುಗಿಗೆ ಕೋಪ ಮೂಗಿನ ತುದೀಲಿ, ಆದ್ರೆ ತಪ್ಪು ಗೊತ್ತಾದ್ರೆ ಒಪ್ಕೋತಾಳೆ ಅಂದ್ರು ಎಂದು ಸರೋಜಾ ಮತ್ತೆ ಲಟ್ಟಣಿಗೆ ಹಿಡಿದರು.

ಶನಿವಾರ ಅತ್ತೆ ಸೊಸೆ ಇಬ್ಬರೂ ಹ್ಯೂಸ್ಟನ್ ದಾರಿ ಹಿಡಿದರು. ನಾಲ್ಕು ಗಂಟೆಯ ಡ್ರೈವ್. ಬರಿಗೈಲಿ ಹೋಗಬಾರದೆಂದು ಶುಗರ್ ಲ್ಯಾಂಡಿಗೆ ಮುಂಚೆ ಸಿಗುವ ಸ್ಟಾಫರ್ಡ್‌ನಲ್ಲಿ ನಿಲ್ಲಿಸಿ ಬಾಳೆಹಣ್ಣು, ವೀಳ್ಯದೆಲೆ ಕೊಂಡರು. ಅನುಮಾನ ನಿಜವೇ ಆದರೆ ಒಳ್ಳೆಯದು ಎಂದು ಉಷಾರಾಣಿ ದಾರಿಯುದ್ದಕ್ಕೂ ಒಳಗೊಳಗೇ ಹಾರೈಸುತ್ತಿದ್ದಳು.

ಲೀಲಾವತಿ ಅವರನ್ನು ನಡುಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು, ಮೈಸೂರಿನ ಸುದ್ದಿ ಕೇಳಿದರು. ಸಾಕರ್ ಮಾತು ಬಂದಾಗ ಮಾತ್ರ ಎದ್ದು ಲೋಟ ತೆಗೆದುಕೊಂಡು ಒಳಗೆ ಹೋದರು. ಸರೋಜಾ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ನಡೆದರು. ಅಡುಗೆಮನೆಯ ಕಟ್ಟೆಯ ಮೇಲೆ ನೆನೆಸಿದ ಅವರೆಕಾಳು ಇತ್ತು. ಅಂಗಡಿಯ ಫ್ರೀಜರಿನದು, ಆದರೂ ಅವರೆ ಅವರೆಯೇ. ಸರೋಜಾ ಯಾರನ್ನೂ ಕೇಳದೆ ಸ್ಟೂಲ್ ಎಳೆದುಕೊಂಡು ಕಾಳು ಹಿಸುಕತೊಡಗಿದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಲೀಲಾವತಿಯೂ ಕೂತರು. ಉಷಾರಾಣಿ ಬಾಗಿಲಲ್ಲಿ ನಿಂತಳು.

ಆಗ ಒಳಗಿಂದ ತನ್ವಿ ಬಂದಳು. ಹದಿನೇಳರ ಹುಡುಗಿ, ಮನೆಯೊಳಗೂ ಅಂಚು ಇಳಿಬಿಟ್ಟ ಟೋಪಿ. ಕೈಲಿ ಜೀವಶಾಸ್ತ್ರದ ದಪ್ಪ ಪುಸ್ತಕ. ಇಬ್ಬರಿಗೂ ಹಲೋ ಆಂಟಿ ಎಂದು, ಈ ಪಾಠ ಓದಿ ಹೇಳ್ತೀಯಾ ಎಂದು ಅಜ್ಜಿಯನ್ನು ಇಂಗ್ಲಿಷಿನಲ್ಲಿ ಕೇಳಿದಳು. ಹತ್ತು ನಿಮಿಷ ತಡಿ ಕಂದ, ಬರ್ತೀನಿ ಎಂದರು ಲೀಲಾವತಿ. ಹುಡುಗಿ ಗೋಡೆಯನ್ನು ಬೆರಳಲ್ಲಿ ಸವರಿಕೊಂಡು ವಾಪಸು ಹೋದಳು.

"ಕಣ್ಣಿಗೇನಾಗಿದೆ?" ಸರೋಜಾ ಕಾಳಿನಿಂದ ತಲೆ ಎತ್ತದೆ ಕೇಳಿದರು.

"ಕಣ್ಣು ಚೆನ್ನಾಗಿದೆ. ತಲೆ. ಎರಡು ಪುಟ ಓದಿದ್ರೆ ನೋವು ಬಂದು ಮಲಗಿಬಿಡ್ತಾಳೆ." ಲೀಲಾವತಿಯ ಕೈ ನಿಂತಿತು. "ನಾನು ಮಾಡಿದ್ದು."

ಅವರೆಬೇಳೆಯ ಮುಂದೆ ಕೂತು ಆ ಡಾಕ್ಟರಮ್ಮ ಹೇಳಿದ ಕತೆ ಇದು.

ನೊರೀನ್ ಹುಟ್ಟಿದ್ದು ಡಾಲಸ್‌ನ ಪೂರ್ವಕ್ಕೊಂದು ಸಣ್ಣ ಊರಿನಲ್ಲಿ. ಅಪ್ಪ ಟ್ರಾಕ್ಟರ್ ರಿಪೇರಿ ಮಾಡುತ್ತಿದ್ದ. ಹುಡುಗಿಯರಿಗೆ ಸಾಕರ್ ತಂಡವೇ ಇಲ್ಲದ ಕಾಲ ಅದು. ಹತ್ತಿ ಮಿಲ್ಲಿನ ಹಿಂದಿನ ಬಯಲಿನಲ್ಲಿ ಮೆಕ್ಸಿಕೋದಿಂದ ಬಂದ ಕೂಲಿಕಾರರ ಮಕ್ಕಳ ಜೊತೆ ಬರಿಗಾಲಲ್ಲಿ ಆಡಿ ಕಲಿತಳು. ಕಾಲೇಜು ತಂಡಕ್ಕೆ ಸೇರಿದಳು. ಅಲ್ಲಿ ಮೂರು ಸಲ ತಲೆಗೆ ಪೆಟ್ಟು ಬಿತ್ತು. ಮೂರು ಸಲವೂ ನೀರು ಚಿಮುಕಿಸಿ ಮತ್ತೆ ಆಡಲು ಕಳಿಸಿದರು. ಆ ಕಾಲದ ರೂಢಿಯೇ ಹಾಗೆ. ಅವತ್ತಿನಿಂದ ಅವಳಿಗೆ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಕೇಳಿದ ಮಾತು ಸಂಜೆಯ ಹೊತ್ತಿಗೆ ಮರೆತುಹೋಗುತ್ತದೆ. ಅದಕ್ಕೇ ಕನ್ನಡಕ, ಅದಕ್ಕೇ ನೋಟ್‌ಬುಕ್. ಆಡಲಾಗದವಳು ಕಲಿಸಲು ನಿಂತಳು. ೧೯೮೯ರಲ್ಲಿ ಹ್ಯೂಸ್ಟನ್ನಿಗೆ ಬಂದಳು. ಇಪ್ಪತ್ತಮೂರು ವರ್ಷದಲ್ಲಿ ಒಂದೇ ಒಂದು ಹಟ: ತಲೆಗೆ ಪೆಟ್ಟು ಬಿದ್ದ ಮಗುವನ್ನು ಡಾಕ್ಟರು ಹೇಳುವವರೆಗೆ ಆಡಿಸುವುದಿಲ್ಲ. ಡಾಕ್ಟರು ಹೇಳಿದರೂ ತನಗೆ ಸಮಾಧಾನವಾಗದಿದ್ದರೆ ಆಡಿಸುವುದಿಲ್ಲ.

"ತನ್ವಿಗೆ ಹದಿಮೂರು ಆಗ. ಫೈನಲ್ಸ್‌ಗೆ ಹತ್ತು ದಿನ ಇದ್ದಾಗ ಪೆಟ್ಟು ಬಿತ್ತು. ಆಕೆ ಕೂರಿಸಿದ್ರು. ನನ್ನ ಮಗ ಕುಣಿದಾಡಿದ. ಕಾಲೇಜು ಸೀಟಿಗೆ ಅನುಕೂಲ ಆಗತ್ತೆ, ಆಡಲೇಬೇಕು ಅಂತ. ನಾನು ನನ್ನ ಲೆಟರ್‌ಹೆಡ್‌ನಲ್ಲಿ ಫಿಟ್ ಅಂತ ಬರ್ಕೊಟ್ಟೆ. ಪರೀಕ್ಷೆ ಮಾಡದೇನೇ. ಆಕೆ ಅದನ್ನ ಓದಿ, ನನ್ನ ಮುಖ ನೋಡಿ, 'ಡಾಕ್ಟರ್, ನೀವು ಅಜ್ಜಿ' ಅಂದ್ರು. ಅಷ್ಟೇ. ಆಡಿಸಲಿಲ್ಲ."

ತಂಡ ಸೋತಿತು. ಮಗ ಪ್ರಕಾಶ್ ಪೋಷಕರನ್ನೆಲ್ಲ ಕೂಡಿಸಿ ದೂರಿನ ಕಾಗದಕ್ಕೆ ಸಹಿ ಹಾಕಿಸಿದ. ಡಾಕ್ಟರೇ ಫಿಟ್ ಎಂದ ಮಗುವನ್ನು ಹೊರಗಿಟ್ಟವಳು ಎಂದು ನೊರೀನ್‌ಳನ್ನು ತೆಗೆದುಹಾಕಿದರು. ಹೊಸ ಕೋಚ್ ಬಂದ, ಅದೇ ಕಾಗದ ನೋಡಿ ತನ್ವಿಯನ್ನು ಆಡಿಸಿದ. ಎರಡನೇ ಪೆಟ್ಟು ಬಿತ್ತು. ಹುಡುಗಿ ಒಂದು ವರ್ಷ ಸ್ಕೂಲಿಗೆ ಹೋಗಲಿಲ್ಲ.

"ಅವರ ವಿಷಯ ನೀನು ಕೇಳ್ದಾಗ ನಾನು ಏನು ಹೇಳಲಿ, ಉಷಾ? ಅವರು ಒಳ್ಳೆಯವರು ಅಂದ್ರೆ, ಮತ್ತೆ ಯಾಕೆ ತೆಗೆದ್ರಿ ಅಂತ ನೀನು ಕೇಳ್ತಿದ್ದೆ. ಬಾಯಿ ಬರಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಉಷಾರಾಣಿಯ ಕಣ್ಣ ಮುಂದೆ ಕ್ಯಾರಲ್ಟನ್ನಿನ ಮನೆಯ ಮಹಡಿ ಬಂತು. ಎಳೆದ ಪರದೆ, ಆರಿಸಿದ ದೀಪ.

ಊಟಕ್ಕೂ ನಿಲ್ಲದೆ ಹೊರಟರು. ಸಂಜೆ ಮನೆ ಸೇರಿದವಳೇ ಗಂಡ ಬದರಿನಾಥನನ್ನು ಹಿಡಿದು ಕೂರಿಸಿದಳು. ಬದರಿ ಒಳ್ಳೆ ಮನುಷ್ಯ. ಒಂದೇ ಕುಂದು, ಕಿವಿಯಲ್ಲಿ ಸದಾ ಆಫೀಸಿನ ಹೆಡ್‌ಸೆಟ್, ಎದುರಿಗೆ ಯಾರು ಏನಂದರೂ ತಲೆ ಆಡಿಸುತ್ತಾನೆ.

"ಕೋಚ್ ನಿಮಗೆ ಯಾವತ್ತಾದ್ರೂ ಏನಾದ್ರೂ ಕೊಟ್ಟಿದ್ರಾ?"

"ಒಂದು ಮಂಗಳವಾರ ಪ್ರಾಕ್ಟೀಸ್ ಆದ್ಮೇಲೆ ಏನೋ ಹೇಳಿದ್ರು. ಒಂದು ಪೇಪರ್ ಕೊಟ್ರು. ನಾನು ಕಾಲ್‌ನಲ್ಲಿದ್ದೆ ಕಣೇ. ಕಾರಲ್ಲಿ ಇಟ್ಟೆ."

ಕಾರಲ್ಲಿ ಪೇಪರ್ ಇರಲಿಲ್ಲ. ಶ್ರಾವಣಿಯ ಕೋಣೆಗೆ ಹೋದರು. ಸರೋಜಾ ಮೊಮ್ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಹುಡುಗಿ ಮೊದಲು ಫೈನ್ ಎಂದಳು, ಎರಡನೇ ಸಲವೂ ಫೈನ್ ಎಂದಳು. ಅಜ್ಜಿಯ ಕೈ ಹಣೆ ಸವರುತ್ತಿದ್ದ ಹಾಗೆ ಅಳು ಬಂತು. ಆ ಮಂಗಳವಾರ ಗೋಲ್‌ಕೀಪರ್ ಹುಡುಗಿಯ ಮೊಣಕೈ ತಲೆಗೆ ಬಡಿದಿತ್ತು. ಮರುದಿನ ಸ್ಕೂಲಿನಲ್ಲಿ ವಾಂತಿಯಾಗಿತ್ತು. ಡಾಕ್ಟರಿಗೆ ತೋರಿಸಿ, ಅವರ ಸಹಿ ತನ್ನಿ ಎಂದಿದ್ದ ಆ ಪೇಪರನ್ನು ಅವಳೇ ಕಾರಿನಿಂದ ತೆಗೆದು, ಡಾಕ್ಟರು ನೋಡಿದ್ದಾರೆ, ಎಲ್ಲ ಸರಿಯಿದೆ ಎಂದು ಬರೆದು, ಅಪ್ಪನ ಸಹಿ ಹಾಕಿ ಕೊಟ್ಟಿದ್ದಳು.

"ಹೇಳಿದ್ರೆ ಆಡೋಕೆ ಬಿಡ್ತಿರ್ಲಿಲ್ಲ" ಎಂದಳು. ಕನ್ನಡದಲ್ಲೇ ಹೇಳಿದಳು.

ಈಗ ಉಷಾರಾಣಿಗೆ ಎಲ್ಲ ತಿಳಿಯಿತು. ನೊರೀನ್ ನೋಡಿದ್ದೇನೆ ಎಂದ ಕಾಗದ ಇದು. ಡಾಕ್ಟರ ಹೆಸರಿಲ್ಲದ, ಅಪ್ಪನ ಸಹಿಯ ಕಾಗದ. ಹ್ಯೂಸ್ಟನ್ನಿನಲ್ಲಿ ಒಮ್ಮೆ ಸುಳ್ಳು ಕಾಗದ ಕಂಡವಳಿಗೆ ಇಲ್ಲಿ ಮತ್ತೊಂದು ಕಂಡಿತ್ತು. ಕಪ್ಪು ಕನ್ನಡಕದ ಹಿಂದಿನಿಂದ ಅವತ್ತು ತನ್ನನ್ನು ಅಷ್ಟು ಹೊತ್ತು ನೋಡಿದ್ದು ಯಾತಕ್ಕೆ? ಸ್ಟೇಟ್ ಕಪ್ಪಿನ ಆಸೆಗೆ ಮಗಳ ತಲೆ ಒಡ್ಡುವ ತಾಯಿ ಇವಳು ಎಂದು. ತಾನು ಅವಳನ್ನು ಅನುಮಾನಿಸುತ್ತಿದ್ದಾಗ ಅವಳೂ ತನ್ನನ್ನು ಅನುಮಾನಿಸುತ್ತಿದ್ದಳು. ಅವಳ ಅನುಮಾನಕ್ಕೆ ಕೈಯಲ್ಲಿ ಆಧಾರವಿತ್ತು.

ಸೋಮವಾರ ಡಾಕ್ಟರು ಶ್ರಾವಣಿಯನ್ನು ನೋಡಿ, ಇನ್ನು ಆರು ವಾರ ಓಟವಿಲ್ಲ, ಆಟವಿಲ್ಲ ಎಂದರು. ಇಷ್ಟು ದಿನ ಆಡದೆ ಇದ್ದದ್ದು ಒಳ್ಳೆಯದಾಯಿತು ಎಂದೂ ಹೇಳಿದರು.

ಗುರುವಾರ ಸಂಜೆ ಕ್ಲಬ್ಬಿನ ಸಭೆ. ಡೈರೆಕ್ಟರು, ಹದಿನಾಲ್ಕು ಮನೆಯ ತಾಯ್ತಂದೆಯರು, ಮೂಲೆಯ ಕುರ್ಚಿಯಲ್ಲಿ ಕನ್ನಡಕ ಹಾಕಿಕೊಂಡು ನೊರೀನ್. ಉಷಾರಾಣಿ ಎದ್ದು ನಿಂತು, ಮಗಳು ಬರೆದ ಸುಳ್ಳಿನಿಂದ ಹಿಡಿದು ತಾನು ಬರೆದ ನಿಜದವರೆಗೆ ಎಲ್ಲ ಒಪ್ಪಿಸಿದಳು. ಹಾಗಾದರೆ ಆ ಎರಡು ಊರಿನವರು ಯಾಕೆ ಮಾತಾಡಲಿಲ್ಲ ಎಂದು ಡೈರೆಕ್ಟರು ಕೇಳಿದ. ಹ್ಯೂಸ್ಟನ್ನಿನವರಿಗೆ ನಾಚಿಕೆ, ಎಂದು ಲೀಲಾವತಿ ಕಳಿಸಿದ್ದ ಇಮೇಲ್ ಓದಿದಳು. ಆಸ್ಟಿನ್ನಿನವರ ಸಂಗತಿ ಹೇಳುವಾಗ ಅವಳಿಗೇ ಮುಖ ಬಿಸಿಯಾಯಿತು. ಗೋಪಾಲಕೃಷ್ಣ ತಮ್ಮನ ಮಗನ ಮುಂಜಿಗೆಂದು ಇಂಡಿಯಾಕ್ಕೆ ಹೋಗಿ, ಫೋನ್ ಮಾಡುವುದನ್ನೇ ಮರೆತಿದ್ದರು. ಬುಧವಾರ ವಾಪಸು ಬಂದು ಮೆಸೇಜ್ ಹಾಕಿದ್ದರು: ಬಹಳ ಒಳ್ಳೆ ಕೋಚ್, ಇಲ್ಲಿ ಬಿಟ್ಟದ್ದು ಡಾಲಸ್‌ನಲ್ಲಿ ತಾಯಿಗೆ ಹುಷಾರಿಲ್ಲ ಅಂತ, ನಮ್ಮ ಹುಡುಗಿ ಇವತ್ತಿಗೂ ನೆನೆಸಿಕೊಳ್ಳುತ್ತಾಳೆ.

ಡೈರೆಕ್ಟರು ಹಣೆ ಉಜ್ಜಿಕೊಂಡ. ನೀವು ಇವರನ್ನು ಯಾರಿಗಾದರೂ ಮದುವೆ ಮಾಡಿಕೊಡುವ ಹಾಗೆ ವಿಚಾರಿಸಿದಿರಾ ಎಂದ. ಹೌದು, ಹಾಗೇ ಎಂದಳು ಉಷಾರಾಣಿ. ಯಾರೋ ನಕ್ಕರು. ಇಬ್ಬರು ಅಪ್ಪಂದಿರು ಮಾತ್ರ ಬಿಗಿದ ಮುಖದಲ್ಲಿ, ಇವರ ಹಟದಿಂದ ಎರಡು ಪಂದ್ಯ ಹೋಯಿತಲ್ಲ ಎಂದರು. ಉಷಾರಾಣಿ ಅವರ ಕಡೆ ತಿರುಗಿ ತನ್ವಿಯ ಕತೆಯನ್ನು ಇನ್ನೊಮ್ಮೆ ಹೇಳಿದಳು, ಟೋಪಿ ಮತ್ತು ಪುಸ್ತಕ ಸಮೇತ. ಆಮೇಲೆ ಯಾರೂ ಪಂದ್ಯದ ಮಾತೆತ್ತಲಿಲ್ಲ. ನೊರೀನ್‌ಳ ಕೆಲಸ ಅವಳಿಗೆ ವಾಪಸು ಸಿಕ್ಕಿತು. ಅವಳು ಎದ್ದು, ನೋಟ್‌ಬುಕ್ ಜೇಬಿಗಿಟ್ಟು, ಮಂಗಳವಾರ ಆರಕ್ಕೆ ಪ್ರಾಕ್ಟೀಸ್ ಎಂದಷ್ಟೇ ಹೇಳಿ ಹೊರಟಳು. ಬಾಗಿಲಲ್ಲಿ ಉಷಾರಾಣಿ ಕ್ಷಮೆ ಕೇಳಿದಾಗ, ಮಗುವಿನ ತಲೆನೋವು ಈಗ ಹೇಗಿದೆ ಎಂದು ಕೇಳಿದಳು. ಕ್ಷಮಿಸಿದೆ ಎನ್ನಲಿಲ್ಲ.

ಆರು ವಾರ ಕಳೆಯಿತು. ನವೆಂಬರ್ ಮುಗಿಯುವ ಹೊತ್ತು, ಮೈದಾನದ ಹುಲ್ಲು ಕಂದಿತ್ತು. ಉಷಾರಾಣಿ ಡಾಕ್ಟರ ಕಾಗದವನ್ನು ಲಕೋಟೆಯಲ್ಲಿಟ್ಟು ತಂದಳು. ಸಹಿ, ಮೊಹರು, ತಾರೀಖು, ಎಲ್ಲ ಇತ್ತು. ಶ್ರಾವಣಿ ಬೂಟು ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದಳು.

ನೊರೀನ್ ಕಾಗದವನ್ನು ಎರಡು ಸಲ ಓದಿದಳು. ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮೇಲ್ಗಡೆ ಅಚ್ಚಾಗಿದ್ದ ನಂಬರಿಗೆ ಅಲ್ಲೇ ನಿಂತು ಫೋನ್ ಮಾಡಿದಳು. ಅತ್ತ ಕಡೆ ಕಾಯಲು ಹೇಳಿದರು. ಆಸ್ಪತ್ರೆಯ ಸಂಗೀತ ಸಣ್ಣಗೆ ಕೇಳುತ್ತಿತ್ತು. ಉಳಿದ ತಾಯಂದಿರು ದೂರದಿಂದ ಇತ್ತಲೇ ನೋಡುತ್ತಿದ್ದರು. ಮಗಳು ಏನೋ ಹೇಳಲು ಬಾಯಿ ತೆರೆದಳು. ಉಷಾರಾಣಿ ಅವಳ ಭುಜ ಅದುಮಿ, ಸುಮ್ಮನಿರು, ಅವರು ವಿಚಾರಿಸಲಿ ಎಂದಳು.

ಎಂಟು ನಿಮಿಷದ ಮೇಲೆ ಯಾರೋ ಬಂದು ಹೌದು ಎಂದರು. ನೊರೀನ್ ಅವರ ಹೆಸರು ಕೇಳಿದಳು, ಬರೆದುಕೊಂಡಳು, ಗಂಟೆ ನೋಡಿ ಅದನ್ನೂ ಬರೆದಳು. ಶ್ರಾವಣಿಯ ಕಡೆ ತಿರುಗಿ, ಹತ್ತು ನಿಮಿಷ, ತಲೆಯಲ್ಲಿ ಚೆಂಡು ಮುಟ್ಟಿದರೆ ಹೊರಗೆ ಎಂದಳು. ಹುಡುಗಿ ಓಡಿದಳು.

ತಂಡದ ಫೈಲಿಗೆ ಎಂದು ಉಷಾರಾಣಿ ಕಾಗದಕ್ಕೆ ಕೈ ಚಾಚಿದಳು. ನೊರೀನ್ ಅದನ್ನು ಮಡಚಿ ತನ್ನ ಜೇಬಿಗಿಟ್ಟುಕೊಂಡಳು.

"ಇದು ನನ್ನ ಹತ್ತಿರ ಇರಲಿ. ನಿನಗೆ ಜೆರಾಕ್ಸ್ ಕೊಡ್ತೀನಿ."

ಉಷಾರಾಣಿ ಹೂಂ ಎಂದಳು.